ಹೆಸರು ಹೊಡೆದ ಮಡ್ಗಾರ್ಡು

ಲಿಂಗಸುಗೂರಿನ ಭಾಂಡೆ ಅಂಗಡಿ ಜಂಬಣ್ಣನನ್ನು ಒಂದು ಮಾತಿಗೆ ನಂಬಿಸುವುದು ಶಿವನಿಂದಲೂ ಆಗುತ್ತಿರಲಿಲ್ಲ. ತೆಂಗಿನಕಾಯಿ ಕೊಳ್ಳುವಾಗ ಮೂರು ಸಲ ಅಲ್ಲಾಡಿಸುತ್ತಿದ್ದ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಶೇಖರಮ್ಮ ಹೇಳಿದರೆ "ಖರೇನ ಹಾಕೀ?" ಎನ್ನುತ್ತಿದ್ದ. ಬಸ್ಸು ಹತ್ತುವ ಮುಂಚೆ ಇದು ಸಿಂಧನೂರಿಗೆ ಹೋಗುತ್ತದೆಯೇ ಎಂದು ಡ್ರೈವರನನ್ನು ಒಮ್ಮೆ, ಕಂಡಕ್ಟರನನ್ನು ಬೇರೆಯಾಗಿ ಒಮ್ಮೆ ಕೇಳಿ, ಇಬ್ಬರ ಮಾತೂ ಕೂಡಿದರೆ ಮಾತ್ರ ಸೀಟಿನಲ್ಲಿ ಕೂರುತ್ತಿದ್ದ. ಬೋರ್ಡು ಇದೆಯಲ್ಲಪ್ಪ ಎಂದರೆ, "ಬೋರ್ಡಿಗೇನು, ಬರದಾಂಗ ಇರತೈತಿ" ಎಂಬ ಉತ್ತರ ಸಿದ್ಧವಿತ್ತು.

ಇಂಥ ಮಹಾಶಯ ಕಣ್ಣು ಮುಚ್ಚಿ ನಂಬಿದ್ದು ಲೋಹವನ್ನು ಮಾತ್ರ. ಹಿತ್ತಾಳೆ, ತಾಮ್ರ, ಸ್ಟೀಲು, ಏನೂ ಇಲ್ಲದಿದ್ದರೆ ತಗಡು. ಬೆರಳಲ್ಲಿ ಬಡಿದರೆ ಠಣ್ ಎನ್ನಬೇಕು. ಠಣ್ ಎನ್ನದ ವಸ್ತುವೂ ಸುಳ್ಳು, ಅದನ್ನು ಮಾರುವವನೂ ಸುಳ್ಳ. ಹೀಗಿರುವಾಗ ಓಣಿ ಓಣಿಗೆ ಸೈಕಲ್ ಮೇಲೆ ಬಣ್ಣಬಣ್ಣದ ಕೊಡ ಕಟ್ಟಿಕೊಂಡು "ಹಳೇ ಸೀರಿ ಕೊಡ್ರೆವ್ವೋ, ಪ್ಲಾಸ್ಟಿಕ್ ಕೊಡ ತಗೊಳ್ರೆವ್ವೋ" ಎಂದು ಕೂಗುವವರು ಬರಲು ಶುರುವಾದ ಮೇಲೆ ಅವನ ಹೊಟ್ಟೆ ಉರಿಯದೆ ಇದ್ದೀತೇ? ಅಜ್ಜಿ ಕಾಲದ ಹಿತ್ತಾಳೆ ಕೊಡ ಅಟ್ಟಕ್ಕೆ ಹಾಕಿ ಹೆಂಗಸರು ನೀಲಿ ಕೊಡ ಹೊತ್ತು ನಡೆದರೆ, ಅವನು ಅಂಗಡಿಯ ಕಟ್ಟೆ ಮೇಲಿಂದ ಮುಖ ತಿರುಗಿಸುತ್ತಿದ್ದ.

ಅವನ ಕೈಯಲ್ಲಿ ಒಂದು ವಿದ್ಯೆ ಇತ್ತು ಬಿಡಿ, ಅದನ್ನು ಒಪ್ಪಲೇಬೇಕು. ಮದುವೆಗೆ ಭಾಂಡೆ ಪಾತ್ರೆ ಕೊಂಡವರಿಗೆ ಕೊಟ್ಟವರ ಹೆಸರು ಹೊಡೆದುಕೊಡುವುದು. ಸಣ್ಣ ಚಾಣ, ಸಣ್ಣ ಸುತ್ತಿಗೆ. ಟಕ್ ಟಕ್ ಟಕ್, ಚುಕ್ಕಿ ಪಕ್ಕ ಚುಕ್ಕಿ ಕೂಡಿ ಅಕ್ಷರ ಮೂಡುತ್ತಿತ್ತು. ನಮ್ಮ ಕಡೆ ಹೆಸರಿಲ್ಲದ ಪಾತ್ರೆ ತಂದೆ ತಾಯಿ ಇಲ್ಲದ ಕೂಸು. ಒಂದು ಮನೆಯ ಕಾರ್ಯಕ್ಕೆ ಹತ್ತು ಮನೆಯ ಭಾಂಡೆ ಹೋಗುತ್ತವೆ, ಹೆಸರು ಇದ್ದದ್ದು ಮಾತ್ರ ತಿರುಗಿ ಮನೆಗೆ ಬರುತ್ತದೆ. ಜಂಬಣ್ಣ ಹೊಡೆದ ಹೆಸರು ನಲವತ್ತು ವರ್ಷ ತಿಕ್ಕಿದರೂ ಅಳಿಯುವುದಿಲ್ಲ ಎಂದು ಮುದಗಲ್ಲಿನಿಂದ ಗುರುಗುಂಟಾದ ತನಕ ಮಾತಿತ್ತು.

ಎಂಬತ್ತೆಂಟರ ಬೇಸಿಗೆಯಲ್ಲಿ ಒಬ್ಬಳೇ ಮಗಳು ವೀರಭದ್ರಮ್ಮನನ್ನು ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಅಮರಪ್ಪನಿಗೆ ಕೊಟ್ಟು ಮದುವೆ ಮಾಡಿದ. ಅಮರಪ್ಪ ನೆಲ್ಲು ಬೆಳೆಯುವ ಹುಡುಗ, ತಾಯಿ ತಂದೆ ಇಲ್ಲ, ಮಾತು ಕಡಿಮೆ. ಅಳಿಯನಿಗೆ ಹೊಸ ಸೈಕಲ್ ಬಂತು. ಮದುವೆಯ ಹಿಂದಿನ ದಿನ ಜಂಬಣ್ಣನಿಗೆ ಒಂದು ಯೋಚನೆ ಹೊಳೆಯಿತು: ಕೊಡ, ತಂಬಿಗೆ, ಪರಾತ ಎಲ್ಲಕ್ಕೂ ಹೆಸರಿದೆ, ಸೈಕಲ್ಲಿಗೆ ಇಲ್ಲವಲ್ಲ! ಮಂದಿ ಪೇಂಟಿನಲ್ಲಿ ಬರೆಸುತ್ತಿದ್ದರು. ಪೇಂಟನ್ನು ನಂಬುವ ಗಿರಾಕಿಯೇ ಇವನು? ಹಿಂದಿನ ಮಡ್ಗಾರ್ಡು ಬಿಚ್ಚಿ ಕಲ್ಲಿನ ಮೇಲಿಟ್ಟು, ಹಿಂದೆ ಬರುವವರಿಗೆ ಕಾಣುವ ಹಾಗೆ ಅಡ್ಡಕ್ಕೆ ಮೂರು ಸಾಲು ಹೊಡೆದ. ಲಿಂಗಸುಗೂರು, ಜಂಬಣ್ಣ, ಭಾಂಡೆ ಅಂಗಡಿ. ಮಗಳ ಸೈಕಲ್ಲು ಎಂಬ ಪ್ರೀತಿಗೆ ಎಂದಿಗಿಂತ ಆಳವಾಗಿಯೇ ಹೊಡೆದ. ಚಪ್ಪರದಲ್ಲಿ ಎಲ್ಲರ ಮುಂದೆ ಅದನ್ನು ಬಡಿದು, "ಕೇಳ್ರಿ, ಠಣ್! ಈ ತಗಡು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರತೈತಿ" ಎಂದ.

ಮೂರು ವರ್ಷ ಏನೂ ತಕರಾರಿಲ್ಲ. ನಾಲ್ಕನೆಯ ವರ್ಷ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ.

ಪಂಚಮಿಗೆ ಬಾರದ ಮಗಳು ಎಂದರೆ ಏನರ್ಥ? ಮೈಯಲ್ಲಿ ಜ್ವರ, ಬಾಣಂತನ ಅಥವಾ ಗಂಡನ ಕಾಟ. ಜ್ವರ ಎಂದು ಅಮರಪ್ಪನ ಕಾಗದ ಬಂದಿತ್ತು. ಜಂಬಣ್ಣ ಆ ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ, "ಜ್ವರ ಬಂದಾಕಿ ಆಕಿ, ಕಾಗದ ಬರದಾಂವ ಇವನು" ಎಂದ. ತಿಂಗಳು ಕಾದು, ಬರುವ ದಿನ ಕಾಗದದಲ್ಲಿ ತಿಳಿಸಿ, ಶೇಖರಮ್ಮ ಕಟ್ಟಿಕೊಟ್ಟ ಉಂಡಿ ಡಬ್ಬಿ ಹಿಡಿದುಕೊಂಡು ಮುಕ್ಕುಂದಕ್ಕೆ ಹೊರಟ.

ಬಸ್ಸಿಳಿದಲ್ಲಿಗೆ ಅಳಿಯ ಸೈಕಲ್ ತಂದು ನಿಂತಿದ್ದ. ಜಂಬಣ್ಣ ಕ್ಯಾರಿಯರ್ ಮೇಲೆ ಕೂರಲೆಂದು ಕೈ ಊರಿದರೆ ಬೆರಳಿಗೆ ಏನೋ ಮೆತ್ತಗೆ ಬಗ್ಗಿತು. ನೋಡಿದ. ಹಿಂದಿನ ಗಾಲಿಯ ಮೇಲೆ ಕೆಂಪು ಪ್ಲಾಸ್ಟಿಕ್ ಮಡ್ಗಾರ್ಡು! ಬೆರಳಲ್ಲಿ ಬಡಿದ. ಡಬ್ ಎಂದಿತು.

"ಅಮರಪ್ಪಾ, ತಗಡಿಂದು ಎಲ್ಲೈತಿ?"

ಅಳಿಯ ನೆಲ ನೋಡಿದ. "ಬಿಚ್ಚಿಸೀನ್ರಿ ಮಾವಾರ."

"ಯಾಕ?"

"ಎರಿ ಮಣ್ಣು ಸಿಗಬೀಳತೈತ್ರಿ. ಗಾಲಿ ತಿರಗಂಗಿಲ್ಲ."

ಜಂಬಣ್ಣ ಬಗ್ಗಿ ಮುಂದಿನ ಗಾಲಿ ನೋಡಿದ. ಅದರ ಮೇಲೆ ಹಳೆಯ ತಗಡೇ ಇತ್ತು. ಅಲ್ಲಪ್ಪಾ, ಎರೆ ಮಣ್ಣು ಹಿಂದಿನ ಗಾಲಿಗೆ ಮಾತ್ರ ಅಂಟುತ್ತದೆಯೇ? ಮುಂದಿನ ಗಾಲಿಯೇನು ಆಕಾಶದಲ್ಲಿ ಓಡುತ್ತದೆಯೇ? ಹೋಗಲಿ, ಪ್ಲಾಸ್ಟಿಕ್ಕಿಗೆ ಮಣ್ಣು ಸಿಗಬೀಳುವುದಿಲ್ಲವೇ? ಬಾಯಿಬಿಟ್ಟು ಏನೂ ಕೇಳಲಿಲ್ಲ. ಹೆಸರು ಇದ್ದ ತಗಡು ಒಂದೇ ಹೋಗಿದೆ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಮನೆ ಮುಟ್ಟುವ ತನಕ ಅಳಿಯನ ಬೆನ್ನನ್ನು ಕಳ್ಳನ ಬೆನ್ನು ನೋಡಿದ ಹಾಗೆ ನೋಡುತ್ತ ಕೂತ.

ಮನೆಯಲ್ಲಿ ವೀರಭದ್ರಮ್ಮ ನಗುತ್ತಲೇ ಬಂದಳು. ಆದರೆ ಬಲಗಾಲು ಎಳೆಯುತ್ತಿದ್ದಳು. ನೀರು ಕೊಟ್ಟಳು, ಆ ನೀರು ಬಂದದ್ದು ನೀಲಿ ಪ್ಲಾಸ್ಟಿಕ್ ಕೊಡದಿಂದ. ಜಂಬಣ್ಣ ಲೋಟ ಕೆಳಗಿಟ್ಟ. ಮೂಲೆ ಮೂಲೆಗೆ ಕಣ್ಣಾಡಿಸಿದ; ಅವನು ಹೆಸರು ಹೊಡೆದ ಹಿತ್ತಾಳೆ ಕೊಡ ಎಲ್ಲೂ ಇಲ್ಲ. ಮೊದಲು ಮಡ್ಗಾರ್ಡು, ಆಮೇಲೆ ಕೊಡ. ನಾಳೆ ಮಗಳ ಕಿವಿಯ ಬೆಂಡೋಲೆ, ನಾಡಿದ್ದು ಕೊರಳ ತಾಳಿ! ಅವಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುವಾಗ ಸೀರೆಯ ಅಂಚು ಸ್ವಲ್ಪ ಮೇಲೆ ಸರಿದು, ಕಾಲಿನ ಹಿಂಬದಿಗೆ ಕೆಂಪಗೆ ಉದ್ದ ಗಾಯದ ಕಲೆ ಕಂಡಿತು. ಅಪ್ಪ ನೋಡಿದ್ದು ಗೊತ್ತಾಗಿ ಅವಳು ತಟ್ಟನೆ ಸೀರೆ ಎಳೆದುಕೊಂಡಳು.

"ಏನಾತವ್ವ ಕಾಲಿಗೆ?"

"ಬಚ್ಚಲದಾಗ ಜಾರಿ ಬಿದ್ನಿ ಯಪ್ಪಾ. ಈಗ ಕಮ್ಮಿ ಐತಿ."

ಜಂಬಣ್ಣ ತಲೆಯಾಡಿಸಿ ಎದ್ದು ಹೊರಗೆ ಬಂದು, ಎತ್ತಿಗೆ ಹುಲ್ಲು ಹಾಕುತ್ತಿದ್ದ ಅಳಿಯನ ಪಕ್ಕ ನಿಂತು, ಹವಾ ವಿಚಾರಿಸುವವನಂತೆ ಕೇಳಿದ. "ವೀರಿ ಕಾಲಿಗೆ ಏನಾಗಿತ್ತೋ?"

"ಕೆನಾಲ್ ದಂಡಿ ಮ್ಯಾಲೆ ಬಿದ್ದಾಳ್ರಿ," ಎಂದ ಅಮರಪ್ಪ. ಅವನ ಕೈಯ ಹುಲ್ಲು ಅರ್ಧ ನೆಲಕ್ಕೆ ಬಿತ್ತು.

ಡ್ರೈವರ ಒಂದು ಊರು ಹೇಳಿದ, ಕಂಡಕ್ಟರ ಇನ್ನೊಂದು ಊರು. ಈ ಬಸ್ಸಿನಲ್ಲಿ ಮಗಳನ್ನು ಕೂರಿಸಿ ಮೂರು ವರ್ಷವಾಗಿತ್ತು. ಜಂಬಣ್ಣನಿಗೆ ಸಿಟ್ಟು ನೆತ್ತಿಗೇರಿ ಕಣ್ಣಲ್ಲಿ ನೀರೇ ಬಂತು. ಒಳಗೆ ಹೋಗಿ ಮಗಳ ಕೈ ಹಿಡಿದುಕೊಂಡ.

"ಖರೇ ಹೇಳು. ಹೊಡೀತಾನೇನವ್ವಾ?"

"ಏನು ಮಾತಂತ ಆಡ್ತೀ ಯಪ್ಪಾ!" ವೀರಭದ್ರಮ್ಮ ಕೈ ಕೊಸರಿಕೊಂಡಳು. ಮುಖ ಕೆಂಪಾಗಿತ್ತು. "ಉಂಡು ಮಕ್ಕೋ. ಇಂಥದ್ದೆಲ್ಲ ಕೇಳಾಕ ಬರಬ್ಯಾಡ."

ಸಿಟ್ಟು ಮಾಡಿದಳಲ್ಲ, ಅದೂ ಜಂಬಣ್ಣನ ಲೆಕ್ಕದಲ್ಲಿ ಹೆದರಿಕೆಯೇ ಆಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ಮರುದಿನ ಬೆಳಿಗ್ಗೆ ಚಾ ಕುಡಿಯದೆ ಹೊರಟು, ನಡುದಾರಿಗೆ ಮಸ್ಕಿಯಲ್ಲಿ ಇಳಿದ.

ಮಸ್ಕಿಯ ಶೇಂಗಾ ವ್ಯಾಪಾರಿ ದೊಡ್ಡಬಸಪ್ಪ ಈ ಸಂಬಂಧ ಕೂಡಿಸಿದ ಹಿರಿಯ. ಜಂಬಣ್ಣ ಪಡಸಾಲೆಗೆ ಕಾಲಿಟ್ಟವನೇ ಶುರುಮಾಡಿದ. "ಎಂಥಾ ಮನಿ ತೋರಿಸಿದ್ರಿ ನನಗ! ಹೆಸರು ಇದ್ದ ಸಾಮಾನೆಲ್ಲ ಮಾರಾಕತ್ತಾನ. ಕೇಳಿದ್ದಕ್ಕ ಮಗಳ ಕಾಲು ಮುರದಾನ. ಆ ಮನಿ ಋಣ ಹರೀತು, ನಾ ಕರಕೊಂಡು ಬರಾಂವ."

ದೊಡ್ಡಬಸಪ್ಪ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದ. "ಹೊಡದಾನಂತ ಮಗಳು ಹೇಳಿದಳೇನು?"

"ಹೆದರ್ಯಾಳ."

"ಮಾರ್ಯಾನಂತ ಕಂಡವ್ರು ಯಾರು?"

"ತಗಡು ಎಲ್ಲಿ ಹೋತು ಮತ್ತ? ರೆಕ್ಕಿ ಬಂದು ಹಾರಿ ಹೋತೇನು?"

"ಲೇ ಜಂಬಣ್ಣ, ಅನುಮಾನ ಹಿಡಕೊಂಡು ಹಂಡೆ ಒಡೀಬಹುದು, ಮನಿ ಒಡಿಯಾಕ ಬರಂಗಿಲ್ಲ," ಎಂದ ದೊಡ್ಡಬಸಪ್ಪ. "ಸೋಮವಾರ ಗಂಡ ಹೆಂಡತಿ ಇಬ್ಬರನೂ ಇಲ್ಲಿಗೆ ಕರಸ್ತೀನಿ. ನಾಲ್ಕು ಮಂದಿ ಹಿರಿಯರು ಕುಂದ್ರತೀವಿ. ಆ ತಗಡು ಯಾರಿಗೆ ಮಾರ್ಯಾನ, ಸಾಬೀತು ತಗೊಂಡು ಬಾ. ತಂದ್ರ ನಿನ್ನ ಮಗಳನ್ನ ನಾನs ನಿನ್ನ ಕೂಡ ಕಳಸ್ತೀನಿ. ತರಲಿಲ್ಲಂದ್ರ ಬಾಯಿ ಮುಚಗೊಂಡು ಹೋಗಬೇಕು."

ಶೇಖರಮ್ಮನಿಗೆ ವಿಷಯ ತಿಳಿದಾಗ ಅವಳು ಅತ್ತಳು, ಆಮೇಲೆ ಬೈದಳು. "ಕಟ್ಟಿದ ಮನಿ ಕೆಡವಾಕ ಎಷ್ಟೊತ್ತು? ಮೊದಲ ಆಕಿನ ಒಮ್ಮಿ ಸಮಾಧಾನದಿಂದ ಕೇಳ್ರಿ." ಯಾರಿಗೆ ಹೇಳುತ್ತೀ ತಾಯಿ! ಜಂಬಣ್ಣ ಆಗಲೇ ಸಿಂಧನೂರಿನ ಬಸ್ಸು ಹತ್ತಿ, ಡ್ರೈವರನನ್ನು ವಿಚಾರಿಸುತ್ತಿದ್ದ.

ಸಿಂಧನೂರಿನಲ್ಲಿ ಮೂರು ಗುಜರಿ ಅಂಗಡಿ ಜಾಲಾಡಿದ. ಸೈಕಲ್ ಶಾಪುಗಳನ್ನು ಒಂದೊಂದಾಗಿ ಹೊಕ್ಕ. ಕೊಳ್ಳುವವನಂತೆ ನಟಿಸಿ, ಹೆಸರು ಹೊಡೆದ ಹಳೆಯ ಮಡ್ಗಾರ್ಡು ಇದೆಯೇ ಎಂದು ಕೇಳುತ್ತಿದ್ದ. ಮಂದಿ ಇವನನ್ನೇ ಅನುಮಾನದಿಂದ ನೋಡಿದರು. ಹೊತ್ತು ಮಧ್ಯಾಹ್ನಕ್ಕೆ ಬಂದಾಗ ಕೆನಾಲ್ ಸೇತುವೆಯ ಹತ್ತಿರದ ಕಟ್ಟಕಡೆಯ ಅಂಗಡಿ ಮುಟ್ಟಿದ. ಗಂಡ ತೀರಿಹೋದ ಮೇಲೆ ಆ ಅಂಗಡಿ ನಡೆಸುತ್ತಿದ್ದವಳು ಮೈಮುನಾಬಿ. ನಡುವಯಸ್ಸಿನವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ಬುಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಳು.

"ಹೆಸರು ಹೊಡದಿದ್ದು? ಐತಿ," ಎಂದಳು ತಲೆ ಎತ್ತದೆ. "ಆದ್ರ ಅದು ಮಾರಾದಲ್ಲ."

ಸಿಕ್ಕಿತು! ಜಂಬಣ್ಣನ ಮೈ ಬೆಚ್ಚಗಾಯಿತು. ಮಾರುವುದಿಲ್ಲವಂತೆ. ಮುಚ್ಚಿಡಲು ಹೇಳಿ ಹೋಗಿದ್ದಾನೆ ಅಳಿಯ. "ಯಾರು ಕೊಟ್ಟು ಹೋಗ್ಯಾರವ್ವ?"

"ಮುಕ್ಕುಂದದ ಹುಡುಗ. ಅಮರಪ್ಪ ಅಂತ."

"ನೋಡಬಹುದೇನು? ನೋಡಾಕೇನು, ಕಣ್ಣಿಗೆ ಸವೀತೈತೇನು."

ಮೈಮುನಾಬಿ ಕೈ ಒರೆಸಿಕೊಂಡು ಒಳಗೆ ಹೋಗಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಗೋಣಿ ತುಂಡಿನ ಗಂಟು ತಂದು ಬಿಚ್ಚಿದಳು. ಒಂದಲ್ಲ, ಎರಡು ತುಂಡು. ಜಂಗು ತಿಂದು ತುಕ್ಕುಗಟ್ಟಿದ ಅಂಚು, ಗರಗಸದ ಹಲ್ಲಿನಂತೆ ಚೂಪು. ಮುರಿದದ್ದು ಅಡ್ಡಕ್ಕೆ, ನಡುವಿನ ಸಾಲಿನ ಮೇಲೆಯೇ. ಜಂಬಣ್ಣ ಎಂಬ ಹೆಸರಿನ ಅಕ್ಷರಗಳ ಮೇಲ್ಭಾಗ ಒಂದು ತುಂಡಿನಲ್ಲಿ, ಒತ್ತಕ್ಷರ ಇನ್ನೊಂದರಲ್ಲಿ.

"ನೋಡ್ರಿ ಅಣ್ಣಾರ, ನೋಡ್ರಿ ಈ ಶ್ಯಾಣ್ಯಾತನ!" ಮೈಮುನಾಬಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡಳು, ದನಿ ಏರಿತು. "ಈ ಹೆಸರು ಹೊಡದ ಮಹಾತ್ಮ ನನ್ನ ಕೈಗೆ ಸಿಗಬೇಕಿತ್ತು, ಇದೇ ಪಾನಾ ತಗೊಂಡು ನಾಲ್ಕು ಬಾರಿಸ್ತಿದ್ದೆ. ಸೈಕಲ್ ಅಂದ್ರ ಭಾಂಡೆ ಅಂತ ತಿಳದಾನೇನು? ದಪ್ಪ ಹಿತ್ತಾಳಿಗೆ ಹೊಡೀತಾರ, ಖರೆ. ಈ ತೆಳು ತಗಡಿಗೆ, ಅದೂ ಅಡ್ಡಕ್ಕ, ಸಾಲು ಹಿಡದು ಚುಚ್ಚಿದ್ರ ಏನಾಕ್ಕೈತಿ? ಬಸ್ ಟಿಕೀಟು ಹರಿಯಾಕ ತೂತು ಹಾಕಿರತಾರಲ್ಲ, ಹಂಗ ಆತು. ಚುಚ್ಚಿದಲ್ಲೆಲ್ಲ ಬಣ್ಣ ಹಾರಿ ಹೋತು. ಮ್ಯಾಲೆ ಯೂರಿಯಾ ಚೀಲ ಹೇರತಾರ, ಗದ್ದಿ ನೀರು, ಕೆಸರು. ಒಳಗೊಳಗ ಜಂಗು ತಿಂದು ತಿಂದು ಹಾಕೈತಿ."

ಜಂಬಣ್ಣ ಮುರಿದ ಅಂಚಿನ ಮೇಲೆ ಬೆರಳಾಡಿಸಿದ. "ಆಮ್ಯಾಲೆ?"

"ಆಮ್ಯಾಲೇನು! ಪಂಚಮಿಗೆ ಎರಡು ದಿನ ಇತ್ತು. ಹುಡುಗ ಹೆಂಡತಿನ ಹಿಂದ ಕುಂದ್ರಿಸಿಕೊಂಡು ಬರಾಕತ್ತಿದ್ದ. ಸೈಕಲ್ ಇಲ್ಲೇ ಬಿಟ್ಟು ಬಸ್ಸಿಗೆ ತವರಿಗೆ ಹೋಗೋರು. ಆ ಕೆನಾಲ್ ದಂಡಿ ಮ್ಯಾಲೆ ತಗ್ಗಿನಾಗ ಗಾಲಿ ಜಿಗೀತು ನೋಡ್ರಿ, ಕಡಕ್ ಅಂತ ಮುರದು ಈ ತುಂಡು ಗಾಲಿಯೊಳಗ ಹೊಕ್ಕಿತು. ಗಾಲಿ ಹಿಡೀತು. ಹುಡುಗಿ ಬಿದ್ದಳು. ಬಿದ್ದಾಕಿ ಕಾಲನ್ನ ಈ ಚೂಪು ಹರಕೊಂಡು ಹೋತು. ನಾನs ಕಂಡೀನಿ. ಆ ಹುಡುಗ ಅಂಗಿ ಬಿಚ್ಚಿ ಕಾಲಿಗೆ ಕಟ್ಟಿ, ಹೆಗಲ ಮ್ಯಾಲೆ ಹೊತಗೊಂಡು ಡಾಕ್ಟರ ಕಡೆ ಓಡಿದ. ಏಳು ಹೊಲಿಗಿ ಹಾಕ್ಯಾರ. ಆರು ತಿಂಗಳು ಭಾರ ಎತ್ತಬಾರದು ಅಂದಾರ."

ಆರು ತಿಂಗಳು ಭಾರ ಎತ್ತಬಾರದು. ಹಗುರಾದ ನೀಲಿ ಕೊಡ ಜಂಬಣ್ಣನ ಕಣ್ಣ ಮುಂದೆ ಬಂದು ನಿಂತಿತು; ಹಿತ್ತಾಳೆಯದು ಅಟ್ಟ ಸೇರಿದ್ದು ಇದಕ್ಕೇ. ಅವನು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಹುಡುಗಿ ಅಳಾಕತ್ತಿತ್ತು," ಎಂದಳು ಮೈಮುನಾಬಿ, ದನಿ ಇಳಿಸಿ. "ಕಾಲು ನೋವಿಗಲ್ಲ. 'ನಮ್ಮಪ್ಪಗ ಹೇಳಬ್ಯಾಡ್ರಿ, ಅವನ ಹೆಸರು ನನ್ನ ಕಾಲು ಕೊಯ್ತು ಅಂತ ಗೊತ್ತಾದ್ರ ಅನ್ನ ನೀರು ಬಿಡ್ತಾನ' ಅಂತ. ಹುಡುಗ ಮೂರು ದಿನದ ಮ್ಯಾಲೆ ಬಂದು ಪ್ಲಾಸ್ಟಿಕ್ಕಿಂದು ಹಾಕಿಸಿದ. ಇದನ್ನ ಗುಜರಿಗೆ ಹಾಕ್ತೀನಿ ಅಂದ್ರ ಬ್ಯಾಡ ಅಂದ. ಹಿರಿಯರ ಹೆಸರೈತಿ, ಕಾಲಾಗ ಬೀಳಬಾರದು, ಗ್ವಾಡಿಗೆ ಹಾಕಿಡ್ರಿ ಅಂದ. ಮನಿಗೆ ಒಯ್ಯಾಕ ಅವನಿಗೆ ಮನಸ್ಸಾಗಲಿಲ್ಲ."

ಜಂಬಣ್ಣ ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲಿ ಬಡಿದ. ಠಣ್ ಎನ್ನಲಿಲ್ಲ. ಜಂಗು ಪುಡಿಯಾಗಿ ಧೋತರದ ಮೇಲೆ ಉದುರಿತು.

"ಪ್ಲಾಸ್ಟಿಕ್ಕು ಎಷ್ಟು ದಿನ ಬರತೈತವ್ವ?" ಎಂದ. ಏನಾದರೂ ಕೇಳಬೇಕಿತ್ತು.

"ಅದೇನು ದೊಡ್ಡ ಸಾಮಾನಲ್ಲ ಬಿಡ್ರಿ. ನಮ್ಮ ಬಿಸಲಿಗೆ ಎರಡು ಬ್ಯಾಸಗಿ ಕಂಡ್ರ ಹಪ್ಪಳ ಆಕ್ಕೈತಿ. ತಗಡು ಹತ್ತು ವರ್ಷ ಬರತೈತಿ, ಮೈತುಂಬ ಚುಚ್ಚದಿದ್ರ. ಆದ್ರ ಪ್ಲಾಸ್ಟಿಕ್ ಒಡದ್ರ ಸುಮ್ಮ ಒಡೀತೈತಿ, ಮಂದಿ ಕಾಲು ಕೊಯ್ಯಂಗಿಲ್ಲ." ಅವಳು ಅವನ ಮುಖ ನೋಡಿದಳು, ತುಂಡುಗಳನ್ನು ನೋಡಿದಳು, ಮತ್ತೆ ಅವನ ಮುಖ ನೋಡಿದಳು. "ನೀವು ಯಾವೂರವರು ಅಂದ್ರಿ?"

"ಲಿಂಗಸುಗೂರು," ಎಂದ ಜಂಬಣ್ಣ.

ಮೈಮುನಾಬಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟಳು. ಒಂದು ಲೋಟ ನೀರು ತಂದುಕೊಟ್ಟು, ತುಂಡುಗಳನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಅವನ ಪಕ್ಕಕ್ಕೆ ಇಟ್ಟಳು. "ಒಯ್ರಿ. ನಿಮ್ಮದs ಅಲ್ಲೇನು," ಎಂದಳು.

ಸೇತುವೆಯ ಮೇಲೆ ಬಂದು ಜಂಬಣ್ಣ ನಿಂತ. ಕೆಳಗೆ ಕೆನಾಲ್ ತುಂಬಿ ಹರಿಯುತ್ತಿತ್ತು. ಗಂಟು ಕೈ ಬಿಟ್ಟರೆ ಮುಗಿಯಿತು, ಹೆಸರು ತಳಕ್ಕೆ. ಸೋಮವಾರ ಮಸ್ಕಿಗೆ ಹೋಗಿ ಸಾಬೀತು ಸಿಗಲಿಲ್ಲ ಎಂದರೆ ದೊಡ್ಡಬಸಪ್ಪ ನಾಲ್ಕು ಮಾತು ಬೈದು ಬಿಡುತ್ತಾನೆ. ಮಾನ ಉಳಿಯುತ್ತದೆ. ಮಗಳು ಹೇಗೂ ಬಾಯಿ ಬಿಡುವವಳಲ್ಲ, ಅಳಿಯನಂತೂ ಇಲ್ಲವೇ ಇಲ್ಲ. ಆದರೆ ಅಳಿಯ ಕಳ್ಳ, ಹೆಂಡತಿಯನ್ನು ಬಡಿಯುವವನು ಎಂಬ ಮಾತು ಆಗಲೇ ಮಸ್ಕಿಯ ಪಡಸಾಲೆಯಲ್ಲಿ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವನು ಯಾರು? ನಾಲ್ಕು ಮಂದಿ ಹಿರಿಯರ ಕಿವಿಗೆ ಬಿದ್ದ ಮಾತನ್ನು ಯಾವ ಕೆನಾಲು ತೊಳೆಯುತ್ತದೆ? ಅಯ್ಯೋ ಶಿವನೇ ಎಂದುಕೊಂಡು, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ನಡೆದ. ಅಂದು ಮೊದಲ ಸಲ ಯಾರನ್ನೂ ಕೇಳದೆ ಹತ್ತಿದ.

ಸೋಮವಾರ ಮಸ್ಕಿಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಅಮರಪ್ಪ ಕಂಬದ ಪಕ್ಕ ತಲೆ ಬಗ್ಗಿಸಿಕೊಂಡು, ಅವನ ಹಿಂದೆ ವೀರಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಇಬ್ಬರನ್ನೂ ಯಾಕೆ ಕರೆಸಿದ್ದೆಂದು ದೊಡ್ಡಬಸಪ್ಪ ಆಗಲೇ ಹೇಳಿದ್ದ ಎಂದು ತೋರುತ್ತದೆ. ಅಪ್ಪ ಬಂದರೂ ಅವಳು ಮುಖ ಎತ್ತಲಿಲ್ಲ.

"ಜಂಬಣ್ಣ, ಸಾಬೀತು ತಂದೀಯೇನು?" ದೊಡ್ಡಬಸಪ್ಪ ಕೇಳಿದ.

"ತಂದೀನ್ರಿ."

ಅಮರಪ್ಪ ಗೋಣಿಯ ಗಂಟು ನೋಡಿದ. ಗುರುತು ಹಿಡಿದ. "ಮಾವಾರ, ಬ್ಯಾಡ್ರಿ," ಎಂದ. "ಬಿಚ್ಚಬ್ಯಾಡ್ರಿ. ನಾ ಮಾರೀನಂತs ಆಗಲಿ."

ಆ ಮಾತು ಕೇಳಿ ಜಂಬಣ್ಣ ಅಳಿಯನ ಮುಖವನ್ನೇ ನೋಡಿದ. ಇಂಥವನನ್ನೇ ಏನಪ್ಪಾ ನಾನು ಕಳ್ಳ ಎಂದದ್ದು! ಗಂಟು ಬಿಚ್ಚಿ ಎರಡೂ ತುಂಡು ಜಮಖಾನೆಯ ಮೇಲೆ ಇಟ್ಟ.

"ಇದು ಮುರದು ನನ್ನ ಮಗಳ ಕಾಲು ಕೊಯ್ದೈತಿ. ಅಳಿಯಂದ ಒಂದು ಚೂರೂ ತಪ್ಪಿಲ್ಲ. ತಪ್ಪು ಮಾಡಿದವನ ಹೆಸರು ಅದರ ಮ್ಯಾಲೆ ಐತಿ. ಓದ್ರಿ."

ದೊಡ್ಡಬಸಪ್ಪ ಮೂಗಿನ ಮೇಲೆ ಚಾಳೀಸು ಏರಿಸಿ, ಎರಡು ತುಂಡನ್ನೂ ಅಂಚಿಗೆ ಅಂಚು ಜೋಡಿಸಿ, ಮಕ್ಕಳು ಓದಿದ ಹಾಗೆ ಒಂದೊಂದೇ ಅಕ್ಷರ ಓದಿದ. ಓದಿ ಮುಗಿದ ಮೇಲೆ ಚಾಳೀಸು ತೆಗೆದು ಕೈಯಲ್ಲಿ ಹಿಡಿದುಕೊಂಡ. ಜಂಬಣ್ಣ ಅಳಿಯನ ಕಾಲಿನ ಕಡೆ ಕೈ ಚಾಚಿದ. ಅಮರಪ್ಪ ಹೌಹಾರಿ ಕಾಲು ಹಿಂದಕ್ಕೆಳೆದು, "ಏ ಏ, ಏನ್ ಮಾಡಾಕತ್ತೀರಿ, ಹಿರಿಯರು ನೀವು," ಎಂದು ಆ ಕೈಗಳನ್ನು ಹಿಡಿದುಕೊಂಡ.

"ಯಪ್ಪಾ, ನಿನಗ ಯಾರು ಹೇಳಿದ್ರು?" ವೀರಭದ್ರಮ್ಮ ಅಳುತ್ತಿದ್ದಳು.

"ಕಾಲು ತೋರಸವ್ವ," ಎಂದ ಜಂಬಣ್ಣ.

ಅವಳು ಬೇಡ ಎಂದು ತಲೆಯಾಡಿಸಿದಳು. ಅವನು ಇನ್ನೊಮ್ಮೆ ಕೇಳಿದ. ಕೊನೆಗೆ ಹಿರಿಯರ ಕಡೆ ಬೆನ್ನು ಮಾಡಿ ಸೀರೆಯ ಅಂಚು ಒಂದು ಗೇಣು ಸರಿಸಿದಳು. ಗಾಯ ಮಾಗಿತ್ತು. ಅದರ ಎರಡೂ ಬದಿಗೆ ಹೊಲಿಗೆ ಹಾಕಿದ ಗುರುತುಗಳು, ಚುಕ್ಕಿ ಪಕ್ಕ ಚುಕ್ಕಿ, ಸಾಲು ತಪ್ಪದ ಹಾಗೆ ಮೂಡಿದ್ದವು. ಜಂಬಣ್ಣ ಬೆರಳಿಟ್ಟು ಎಣಿಸಿದ. ಎರಡನೇ ಸಲವೂ ಎಣಿಸಿದ. ಮೂರನೇ ಸಲ ಎಣಿಸಲು ಅವನಿಗೆ ಕಣ್ಣು ಕಾಣಲಿಲ್ಲ.